ಈಡು ಎಲ್ಲಿಗೆ ಹೋಗಿ ನಿಲ್ಲುತ್ತೆ, ಅಳಿಯಾ?

ಮೊನ್ನೆ ಭಾನುವಾರ ಬೇಗೂರಿನ ನಾಗೇಶ್ವರನ ಗುಡಿ ಮುಂದೆ ಸಿಕ್ಕಾಗ ನೀನು ಫೋನಿನಲ್ಲಿ ಒಂದು ಬಂದೂಕಿನ ಚಿತ್ರ ತೋರಿಸಿದೆ. ಕರೀ ದಪ್ಪ ನಳಿಗೆ, ಅದರ ಮೇಲೆ ಮೊಳದುದ್ದದ ದುರ್ಬೀನು, ಕೆಳಗೆ ಊರೋಕೆ ಎರಡು ಕಾಲು. "ಮಾವ, ಇಂಥದ್ದೊಂದು ತಗೊಂಡುಬಿಟ್ಟರೆ ಹಂದಿ ಕಾಟ ಮುಗೀತಲ್ವಾ?" ಅಂದೆ. ಹೆಂಗಸರು ಮಕ್ಕಳು ಮಂಗಳಾರತಿಗೆ ನಿಂತಿದ್ದ ಜಾಗ, ಬಂದೂಕಿನ ಮಾತು ಬೇಡ ಅಂತ ಸುಮ್ಮನಾದೆ. ಈಗ ಹೇಳುತ್ತೇನೆ, ಕೇಳು.

ನಿನ್ನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹಗಲೂ ರಾತ್ರಿ ದುಡಿದು, ಹಾರೋಹಳ್ಳಿ ಆಚೆ ಮೂರೆಕರೆ ಕೊಂಡು, ಕಡಲೆಕಾಯಿ ಹಾಕಿದೆ. ಕೀಳೋಕೆ ಇನ್ನೊಂದು ವಾರ ಅನ್ನುವಾಗ ಹಿಂಡು ಬಂದು ಒಂದೇ ರಾತ್ರಿಯಲ್ಲಿ ನೇಗಿಲು ಹೊಡೆದ ಹಾಗೆ ಮಾಡಿ ಹೋಯಿತು. ತಿಂದಿದ್ದು ಕಾಲುಭಾಗ, ತುಳಿದಿದ್ದು ಮುಕ್ಕಾಲು. ಅದನ್ನು ನೋಡಿದ ಯಾವನಿಗಾದರೂ ಕೈ ಬಂದೂಕಿನ ಕಡೆ ಹೋಗುತ್ತದೆ.

ಆದರೆ ನೀನು ತೋರಿಸಿದ್ದು ನಮ್ಮ ಹಂದಿಗೆ ಮಾಡಿದ ಬಂದೂಕಲ್ಲ. ಅದು ಅಮೆರಿಕದ ಬಯಲುಸೀಮೆಯ ಸಾಮಾನು. ಅಲ್ಲಿ ಹುಲ್ಲುಗಾವಲಿನಲ್ಲಿ ಬಿಲ ತೋಡುವ, ಅಳಿಲಿನ ಜಾತಿಗೆ ಸೇರಿದ ಪ್ರೇರಿ ಡಾಗ್ ಅನ್ನುವ ಪ್ರಾಣಿ ಇದೆ. ಅಂಥ ಚಿಕ್ಕ ಗುರಿಯನ್ನು ಇನ್ನೂರು ಮುನ್ನೂರು ಗಜದಿಂದ ಹೊಡೆಯೋಕೆ ಹಗುರ ಗುಂಡು, ಭಾರೀ ವೇಗ. 1935ರಲ್ಲಿ ವಿಂಚೆಸ್ಟರ್ ಕಂಪನಿ ತಂದ .220 ಸ್ವಿಫ್ಟ್ ತೋಟಾದ ಗುಂಡು ಸೆಕೆಂಡಿಗೆ ನಾಲ್ಕು ಸಾವಿರ ಅಡಿ ದಾಟುತ್ತಿತ್ತು. ಮೇಲಿಂದ ಮೇಲೆ ಹೊಡೆದರೂ ಬೇಗ ಕಾಯಬಾರದು ಅಂತ ನಳಿಗೆ ಅಷ್ಟು ದಪ್ಪ. ಆ ಹಗುರ ಗುಂಡು ಚಿಕ್ಕ ಪ್ರಾಣಿಯೊಳಗೆ ಹೊಕ್ಕ ಕೂಡಲೇ ಛಿದ್ರವಾಗುತ್ತದೆ. ಬಲಿತ ಸಲಗ ಹಂದಿಯ ಭುಜದ ಮೇಲೆ ಅಂಗೈ ದಪ್ಪದ ಗಟ್ಟಿ ಚರ್ಮ ಇರುತ್ತದಲ್ಲ, ಅಲ್ಲಿಗೆ ಬಿದ್ದರೆ ಗಾಯ ಮಾಡುತ್ತದೆ, ಕೆಡವೋದು ಅನುಮಾನ. ಗಾಯಗೊಂಡ ಹಂದಿ ನಿನ್ನ ಹೊಲದಲ್ಲೇ ಪೊದೆಯಲ್ಲಿ ಮಲಗಿರುತ್ತದೆ. ಬೆಳಗ್ಗೆ ನೀರು ಬಿಡೋಕೆ ಹೋಗುವ ಆಳಿಗೆ ಅದು ಎದುರಾಗುತ್ತದೆ, ನಿನಗಲ್ಲ.

ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ನಿನಗೆ ರೈಫಲ್ಲಿನ ಹುಚ್ಚು ಹಿಡಿದದ್ದು ನನಗೆ ಗೊತ್ತು. ತೇಜಸ್ವಿಯವರು ಕನ್ನಡಕ್ಕೆ ತಂದ ಆ ‘ಕಾಡಿನ ಕಥೆಗಳು’ ನನ್ನ ತಲೆದಿಂಬಿನ ಪಕ್ಕ ಈಗಲೂ ಇವೆ. ಆಂಡರ್ಸನ್ ನಮ್ಮ ಬೆಂಗಳೂರಿನವನೇ, ಅವನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಆದರೆ ಅವನು 1974ರಲ್ಲಿ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಅವನ ಕಾಲ ಅವನ ಜೊತೆಗೇ ಮುಗಿಯಿತು ಅಂದುಕೋ.

ನಮ್ಮಪ್ಪನ ಕೋವಿಯ ಕಥೆ ನಿನಗೆ ಪೂರ್ತಿ ಹೇಳಿಲ್ಲ. ಈಗ ಅಪಾರ್ಟ್‌ಮೆಂಟು ಎದ್ದಿರುವ ಜಾಗದಲ್ಲಿ ನಮ್ಮ ರಾಗಿ ಹೊಲ ಇತ್ತು, ಅಂಚಿಗೆ ಅವರೆ ಸಾಲು. ಅಪ್ಪನಿಗೆ ಬೆಳೆ ಕಾಯೋಕೆ ಅಂತ ಲೈಸೆನ್ಸು ಮಾಡಿಸಿದ ಕೇಪಿನ ಕೋವಿ ಇತ್ತು, ಒಂಟಿ ನಳಿಗೆಯದು. ಅದಕ್ಕೆ ಈಡು ತುಂಬೋದೇ ಒಂದು ಶಾಸ್ತ್ರ. ಮೊದಲು ಮದ್ದು ಅಳೆದು ಸುರಿಯಬೇಕು, ಮೇಲೆ ತೆಂಗಿನ ನಾರಿನ ಉಂಡೆ, ಕಬ್ಬಿಣದ ಗಜ ಇಳಿಸಿ ‘ಟಣ್’ ಅಂತ ಗಜ ಮೇಲಕ್ಕೆ ಪುಟಿಯೋ ತನಕ ಜಡಿಯಬೇಕು. ಆಮೇಲೆ ಚರೆ, ಅದು ಉರುಳಿ ಬೀಳದ ಹಾಗೆ ಮತ್ತೆ ನಾರು. ಕೇಪು ಇಡೋದು ಕಟ್ಟಕಡೆಗೆ, ಅಟ್ಟಣೆ ಹತ್ತಿ ಕೂತ ಮೇಲೆ. ಇಬ್ಬನಿ ಬಿದ್ದ ರಾತ್ರಿ ಮದ್ದು ತಣ್ಣಗಾಗಿ ಬರೀ ‘ಚಟ್’ ಅಂದು ಸುಮ್ಮನಾಗುತ್ತಿತ್ತು. ಅಂಥ ರಾತ್ರಿ ತಮಟೆ, ಕವಣೆಯೇ ಗತಿ.

ನನಗಾಗ ಹದಿನೇಳು. ಅಪ್ಪನಿಗೆ ಜ್ವರ ಬಂದಿತ್ತು, ಕೇಳದೇ ಕೋವಿ ಎತ್ತಿಕೊಂಡು ಹೋಗಿ ಅಟ್ಟಣೆಯಲ್ಲಿ ಕೂತೆ. ನಡುರಾತ್ರಿ ಅವರೆ ಸಾಲಿನಲ್ಲಿ ಸರಸರ ಸದ್ದು. ಕಪ್ಪಗೆ, ಗಿಡ್ಡಕ್ಕೆ, ಒಂದು ಗುಡ್ಡೆ ನಿಧಾನವಾಗಿ ಸರಿಯುತ್ತಿದೆ. ಕುದುರೆ ಎಳೆದೆ. ಇನ್ನೇನು ಬೆರಳು ಒತ್ತಬೇಕು, ಆ ಗುಡ್ಡೆ ಕೆಮ್ಮಿತು. ಪಕ್ಕದ ಹೊಲದವರು, ಕರೀ ಕಂಬಳಿ ಗೊಪ್ಪೆ ಹಾಕಿಕೊಂಡು ಕೂತು ಕೂತೇ ಮಡೆ ತಿರುಗಿಸುತ್ತಿದ್ದರು. ಆ ಒಂದು ಕೆಮ್ಮಿನ ಮೇಲೆ ನನ್ನ ಇಡೀ ಬಾಳು ನಿಂತಿದೆ. ಬೆಳಗ್ಗೆ ಅಪ್ಪನಿಗೆ ಹೇಳಿದೆ, ಬಾಸುಂಡೆ ಬರೋ ಹಾಗೆ ಬಾರಿಸಿದರು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹಂದಿ ಅಂತ ಮನುಷ್ಯನಿಗೆ ಹೊಡೆದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ಆ ಕೆಮ್ಮು ಕೇಳಿಸುತ್ತದೆ.

ಅದಕ್ಕೇ ನಾನು ಬಂದೂಕನ್ನು ನೋಡುವ ರೀತಿ ಬೇರೆ. ಅಂಗಡಿಯವನು ಎಷ್ಟು ದೂರ ಹೊಡೆಯುತ್ತೆ ಅಂತ ಹೇಳುತ್ತಾನೆ. ನೀನು ಕೇಳಬೇಕಾದ್ದು, ತಪ್ಪಿದ ಈಡು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ. ಕ್ಲಬ್ಬಿನ ಹುಡುಗರು ಗುರಿ ಕಲಿಯುವ .22 ರೈಫಲ್ಲಿನ ಪುಟ್ಟ ಗುಂಡೂ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಹೋಗಬಲ್ಲದು. ದೊಡ್ಡ ರೈಫಲ್ಲಿನದು ಮೂರು ಕಿಲೋಮೀಟರು ದಾಟುತ್ತದೆ. ಬೇಗೂರು ಕೆರೆ ಏರಿ ಮೇಲೆ ನಿಂತು ಕಣ್ಣಳತೆಯಲ್ಲಿ ನೋಡು, ಆ ಮೂರು ಕಿಲೋಮೀಟರಿನಲ್ಲಿ ಎಷ್ಟು ಬಾಲ್ಕನಿ, ಎಷ್ಟು ಶಾಲೆ, ಎಷ್ಟು ಪಿ.ಜಿ. ಮಾಳಿಗೆ. ನಿನ್ನ ಹಾರೋಹಳ್ಳಿ ಕಡೆಯೂ ಕಾರ್ಖಾನೆ, ಲೇಔಟು ಬಂದು ಕೂತಿವೆ. ನಯ ನಳಿಗೆಯ ಬಂದೂಕಿನ ಚರೆ ನಲವತ್ತು ಗಜ ದಾಟಿದರೆ ಚದುರಿ ಕಸುವು ಕಳೆದುಕೊಳ್ಳುತ್ತದೆ. ದಪ್ಪ ಚರೆ ಐನೂರು ಮೀಟರು ದಾಟಿಯೂ ಹೋಗಿ ಬೀಳಬಹುದು, ಅದೂ ಹುಷಾರಿನ ಮಾತೇ. ಆದರೂ ಕಿಲೋಮೀಟರುಗಳ ಲೆಕ್ಕದ ಮುಂದೆ ಅದು ವಾಸಿ.

ಕಾನೂನು ಬರೆದವರಿಗೂ ಇದು ಹೊಳೆದಿತ್ತೋ ಏನೋ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ನೋಡು. ನಿಜವಾಗಿ ಬೆಳೆ ಕಾಯೋಕೆ ಅಂತ ಅರ್ಜಿ ಹಾಕಿದವನಿಗೆ ಅದು ಹೇಳೋದು ಬಾಯಿಂದ ಮದ್ದು ತುಂಬುವ ಕೋವಿ, ಅಪ್ಪನ ಹತ್ತಿರ ಇತ್ತಲ್ಲ ಅಂಥದ್ದು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಬಂದೂಕು. ಬೆಳೆ ಕಾಯುವವನ ಪಾಲಿಗೆ ಆ ಸೆಕ್ಷನ್ನಿನಲ್ಲಿ ರೈಫಲ್ ಅನ್ನುವ ಮಾತೇ ಇಲ್ಲ. .22 ರೈಫಲ್ಲನ್ನು ಹೆಸರಿಸಿರುವುದು ರೈಫಲ್ ಕ್ಲಬ್ಬಿನ ಸದಸ್ಯನಿಗೆ, ಗುರಿ ಅಭ್ಯಾಸಕ್ಕೆ.

ಇನ್ನು ಲೈಸೆನ್ಸು ಸಿಕ್ಕಿತು ಅಂತಲೇ ಇಟ್ಟುಕೋ. ಅದು ಬಂದೂಕು ಇಟ್ಟುಕೊಳ್ಳೋಕೆ, ಹಂದಿ ಹೊಡೆಯೋಕೆ ಅಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಕೋರ್ಟಿಗೆ ಅಲೆದವರು ಎಷ್ಟೋ ಜನ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆ ಹಾಳು ಮಾಡುತ್ತಿದೆ ಅಂತ ಅರಣ್ಯ ಇಲಾಖೆಯ ಅಧಿಕಾರ ಇರುವವರು 11ನೇ ಸೆಕ್ಷನ್ನಿನಡಿ ಬರೆದು ಕೊಟ್ಟರೆ ಮಾತ್ರ ಹೊಡೆಯಬಹುದು. ಹೊಡೆದ ಮೇಲೂ ಆ ಮಿಕ ಸರ್ಕಾರದ ಸ್ವತ್ತು, ನಿನ್ನ ಬಾಣಲಿಗೆ ಬರೋದಿಲ್ಲ. ಮೊದಲು ಕಾಗೆ, ಇಲಿ, ಬಾವಲಿಗಳನ್ನು ಉಪದ್ರವಿಗಳು ಅಂತ ಐದನೇ ಪಟ್ಟಿಯಲ್ಲಿ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಈಗ ಯಾವುದಾದರೂ ಪ್ರಾಣಿಯನ್ನು ಹಾಗೆ ಕರೆಯಬೇಕಾದರೆ ಕೇಂದ್ರ ಸರ್ಕಾರ ಜಾಗ, ಅವಧಿ ಗೊತ್ತು ಮಾಡಿ ಅಧಿಸೂಚನೆ ಹೊರಡಿಸಬೇಕು. 2015-16ರಲ್ಲಿ ಬಿಹಾರ, ಉತ್ತರಾಖಂಡದ ಕೆಲವು ಕಡೆ ಕಾಡುಹಂದಿಗೆ ಹಾಗೆ ಮಾಡಿದ್ದರು, ಆ ಸಾಲಿನಲ್ಲಿ ಕರ್ನಾಟಕ ಇರಲಿಲ್ಲ. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಹಂದಿ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ, ಗಡಿಯಾಚೆಯ ನೆಂಟರು ಹೇಳಿದ್ದನ್ನು ಇಲ್ಲಿಗೆ ಹೊಂದಿಸಬೇಡ.

ನಿನ್ನ ಆಫೀಸಿನ ಕೊಡಗಿನ ಗೆಳೆಯ "ನಮಗೆ ಲೈಸೆನ್ಸೇ ಬೇಡ" ಅಂದನಂತೆ. ನಿಜ, ಕೊಡವರಿಗೂ ಅಲ್ಲಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು, 2029ರ ತನಕ ಮುಂದುವರಿಸಿದ್ದಾರೆ. ಆದರೆ ಅವರಿಗೂ ವಿನಾಯಿತಿ ಇರೋದು ಲೈಸೆನ್ಸಿಗೆ, ಹಂದಿಗಲ್ಲ.

ಇನ್ನೊಂದು ತೊಡಕಿದೆ. ಅಭಯಾರಣ್ಯದ, ರಾಷ್ಟ್ರೀಯ ಉದ್ಯಾನದ ಹತ್ತು ಕಿಲೋಮೀಟರು ಒಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಮೊದಲು ಒಪ್ಪಬೇಕು. ಬನ್ನೇರುಘಟ್ಟದ ಗಡಿಯಿಂದ ನಿನ್ನ ಜಮೀನು ಎಷ್ಟು ದೂರ, ಅಳೆಸಿದ್ದೀಯಾ? ಆ ಕಾಡಿನ ಆನೆಗಳೂ ಹೊಲಕ್ಕೆ ಇಳಿಯುತ್ತವೆ. ಕತ್ತಲಲ್ಲಿ ಆನೆಗೆ ಚರೆ ಹಾರಿಸಿದವನ ಗತಿ ನಾನು ಹೇಳಬೇಕಾಗಿಲ್ಲ.

ಇಷ್ಟಾದ ಮೇಲೂ ಕೋವಿ ಬೇಕೇ ಬೇಕು ಅಂದರೆ, ಆರಿಸುವ ಬಗೆ ಹೇಳುತ್ತೇನೆ. 12 ಬೋರಿನ ಜೋಡುನಳಿಗೆ ನೋಡು. ಸದ್ದಿಗೂ ಅದೇ ಸಾಕು, ಹಂದಿ ಹಿಂಡು ಓಡೋದು ಹೆಚ್ಚಾಗಿ ಸದ್ದಿಗೇ. ಕೈಗೆ ಕೊಟ್ಟ ಕೂಡಲೇ ಮಡಚಿ, ಎರಡೂ ನಳಿಗೆ ಖಾಲಿ ಅಂತ ಕಣ್ಣಿಂದ ನೋಡು, ಬೆರಳಿಟ್ಟೂ ನೋಡು. ನಳಿಗೆಯನ್ನು ಬೆಳಕಿಗೆ ಹಿಡಿ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾಗಿದ್ದರೆ ಅಲ್ಲಿ ನಳಿಗೆ ತಗ್ಗಿದೆ ಅಂತ ಲೆಕ್ಕ. ಮುಚ್ಚಿ ಹಿಡಿದು ಅಲ್ಲಾಡಿಸು, ಕೀಲಿನಲ್ಲಿ ಲಟಲಟ ಅಂದರೆ ವಾಪಸ್ ಕೊಡು. ಹಿಡಿಯ ತುದಿಯನ್ನು ಮೊಣಕೈ ಮಡಿಕೆಗೆ ಒರಗಿಸಿದಾಗ ತೋರುಬೆರಳು ಟ್ರಿಗರಿಗೆ ಸಲೀಸಾಗಿ ಸಿಗಬೇಕು. ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಕಣ್ಣು ಬಿಟ್ಟಾಗ ನಳಿಗೆ ತುದಿಯ ಮಣಿ ಎದುರಿಗೇ ಕೂತಿರಬೇಕು. ಕತ್ತು ಹೊರಳಿಸಿ ಹುಡುಕಬೇಕಾದರೆ ಆ ಬಂದೂಕು ಬೇರೆ ಯಾರದೋ ಮೈಗೆ ಮಾಡಿದ್ದು.

ಯಾರೋ ದೊಡ್ಡ ಮನೆತನದವರ ಹಳೇ ವಿಲಾಯತಿ ಕೋವಿ ಅಗ್ಗಕ್ಕೆ ಸಿಗುತ್ತೆ ಅಂತ ಹಾರಬೇಡ. ಹಳೆಯವುಗಳಲ್ಲಿ ತೋಟಾ ಕೂರುವ ಗೂಡು ಎಷ್ಟೋ ಸಲ 65 ಮಿಲಿಮೀಟರಿನದು, ಈಗ ಸಿಗುವ ತೋಟಾ 70ರದ್ದು. ಒಳಗೇನೋ ಹಿಡಿಸುತ್ತದೆ, ಹಾರಿಸಿದಾಗ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಹಾವಿನ ಪೊರೆಯಂಥ ಗೆರೆಗೆರೆ ಇರುವ ಡಮಾಸ್ಕಸ್ ನಳಿಗೆ ಗೋಡೆಗೆ ಚಂದ, ಈಗಿನ ಮದ್ದಿಗೆ ಅಲ್ಲ.

ಏರ್‌ಗನ್ ಸಾಕಲ್ವಾ ಅಂತ ಕೇಳಿದೆ. 4.5 ಮಿಲಿಮೀಟರ್ ಬೋರು, 20 ಜೂಲ್ ಒಳಗಿನ ಕಸುವು ಇದ್ದರೆ ಅದಕ್ಕೆ ಲೈಸೆನ್ಸು ಬೇಡ, ಸರಿ. ಹಂದಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. ಗಿಳಿಗೋ ನವಿಲಿಗೋ ಹಿಡಿದರೆ ಜೈಲಿನ ಮಾತು.

ಇಷ್ಟೆಲ್ಲ ಹೇಳಿದ್ದರಲ್ಲಿ ನಾನು ನಿನ್ನನ್ನು ಕೇಳಬೇಕಾಗಿದ್ದು ಒಂದೇ. ರಾತ್ರಿ ಎರಡು ಗಂಟೆಗೆ ಹಂದಿ ಬಂದಾಗ ಆ ಹೊಲದಲ್ಲಿ ಯಾರಿರುತ್ತಾರೆ? ನೀನು ಬೇಗೂರಿನ ಏಳನೇ ಮಹಡಿಯಲ್ಲಿ ಮಲಗಿರುತ್ತೀಯ, ಬೆಳಗ್ಗೆ ಶಿಫ್ಟು. ಅಲ್ಲಿರೋದು ನಿನ್ನ ಆಳು. ಲೈಸೆನ್ಸು ನಿನ್ನ ಹೆಸರಿನದು, ಅವನ ಕೈಗೆ ಕೊಟ್ಟರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಅಲ್ಲಿ ಬೀಗ ಹಾಕಿ ಇಟ್ಟರೆ ಕಳ್ಳರಿಗೆ, ಇಲ್ಲಿ ತಂದಿಟ್ಟರೆ ನಿನ್ನ ಆರು ವರ್ಷದ ಮಗನಿಗೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ಹಿಡಿದು ಅಲೆಯೋದು ಬೇರೆ. ನನ್ನನ್ನು ಕೇಳಿದರೆ ನಿನಗೆ ಬಂದೂಕು ಬೇಡ. ಗುರಿ ಹೊಡೆಯುವ ಆಸೆ ಇದ್ದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸು, ಕಾಗದಕ್ಕೆ ಹೊಡೆದು ಆಸೆ ತೀರಿಸಿಕೋ. ಹಂದಿಗೆ ಸೋಲಾರ್ ಬೇಲಿ ಹಾಕು, ಕೆಳಗಿನ ತಂತಿ ಮೊಣಕಾಲಿಗಿಂತ ಕೆಳಗಿರಲಿ. ಮನೆ ಕರೆಂಟು ಮಾತ್ರ ಎಳೆಯಬೇಡ, ಅದಕ್ಕೆ ಆನೆಯೂ ಸಾಯುತ್ತೆ, ಮನುಷ್ಯನೂ ಸಾಯುತ್ತಾನೆ. ಹೋದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕು.

ಹಂದಿ ಕಾಟ ನಿನ್ನ ಕಾಲಕ್ಕೆ ಹುಟ್ಟಿದ್ದೇನೂ ಅಲ್ಲ ಬಿಡು. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ನಮ್ಮ ಬೇಗೂರಿನ ವೀರಗಲ್ಲು ಒಂದು ಹೋಗಿ ಕೂತಿದೆಯಲ್ಲ, ನಾಗತ್ತರ ಅನ್ನುವ ವೀರನ ಕಾಳಗದ್ದು. ಅದೇ ಮ್ಯೂಸಿಯಮ್ಮಿನಲ್ಲಿ ಮಂಡ್ಯ ಕಡೆಯ ಆತಕೂರಿನ ಕಲ್ಲೂ ಇದೆ, ಹತ್ತನೇ ಶತಮಾನದ್ದು. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು ಅಂತ ನಾಯಿಗೆ ನಿಲ್ಲಿಸಿದ ಕಲ್ಲು. ಮಗನನ್ನು ಕರೆದುಕೊಂಡು ಹೋಗಿ ತೋರಿಸು.

ಅಪ್ಪನ ಕೋವಿಯನ್ನು ಅವರು ತೀರಿಕೊಂಡ ವರ್ಷವೇ ಠಾಣೆಗೆ ಒಪ್ಪಿಸಿದೆ. ಗಜ ಮಾತ್ರ ಅಟ್ಟದ ಮೇಲೆ ಉಳಿದಿದೆ, ನಿಮ್ಮತ್ತೆ ಅದರಲ್ಲಿ ಜೇಡರ ಬಲೆ ತೆಗೆಯುತ್ತಾಳೆ. ಬರುವ ಭಾನುವಾರ ಪಹಣಿ ಪ್ರತಿಯನ್ನೂ ಹೊಲದ ನಕ್ಷೆಯನ್ನೂ ಹಿಡಿದುಕೊಂಡು ಬಾ, ಬೇಲಿಗೆ ಎಷ್ಟು ಕಂಬ ಬೇಕು ಅಂತ ಕೂತು ಲೆಕ್ಕ ಹಾಕೋಣ.