ವ್ಯಾಪಾರ ಒಕ್ಕೂಟದಿಂದ ಹೊರಗುಳಿದಾಗ: ರೇಷ್ಮೆ, ಈರುಳ್ಳಿ ಮತ್ತು ಉಡುಪು ಉದ್ಯಮಕ್ಕೆ ಕೆಲವು ಪಾಠಗಳು

ರಾಷ್ಟ್ರವೊಂದು ವ್ಯಾಪಾರ ಒಕ್ಕೂಟವನ್ನು ಸೇರುವ ಅಥವಾ ತೊರೆಯುವ ನಿರ್ಧಾರ ದೆಹಲಿ, ಲಂಡನ್ ಅಥವಾ ಬ್ಯಾಂಕಾಕ್‌ನಲ್ಲಿ ಆಗುತ್ತದೆ. ಅದರ ಪರಿಣಾಮವಾದರೋ ಶಿಡ್ಲಘಟ್ಟದ ಗೂಡಿನ ಹರಾಜು, ಚಿಂತಾಮಣಿ ಹಾಗೂ ಚಿಕ್ಕಬಳ್ಳಾಪುರದ ಈರುಳ್ಳಿ ವಹಿವಾಟು, ಗೌರಿಬಿದನೂರಿನ ಉಡುಪು ಘಟಕಗಳ ಬೇಡಿಕೆ ಪುಸ್ತಕ ಇವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಂತಹ ನಿರ್ಧಾರಗಳ ಆರ್ಥಿಕ ತರ್ಕವನ್ನು ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಅರಿತಿರುವುದು ಅವಶ್ಯಕ.

ಎರಡು ಪ್ರಮುಖ ನಿದರ್ಶನಗಳು

ಮೊದಲನೆಯದು ಬ್ರಿಟನ್. 2016ರ ಜೂನ್ 23ರ ಜನಮತಗಣನೆಯ ಫಲವಾಗಿ ಆ ದೇಶವು 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ತೊರೆಯಿತು. ಪರಿವರ್ತನಾ ಅವಧಿಯು ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಯಿತು.

ಎರಡನೆಯದು ಭಾರತದ್ದೇ. ಆಸಿಯಾನ್‌ನ 10 ರಾಷ್ಟ್ರಗಳು, ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ ಸೇರಿ 16 ರಾಷ್ಟ್ರಗಳು ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ (ಆರ್‌ಸಿಇಪಿ) ಒಪ್ಪಂದಕ್ಕಾಗಿ ವರ್ಷಗಟ್ಟಲೆ ಮಾತುಕತೆ ನಡೆಸಿದ್ದವು. 2019ರ ನವೆಂಬರ್ 4ರಂದು ಬ್ಯಾಂಕಾಕ್ ಶೃಂಗಸಭೆಯಲ್ಲಿ ಭಾರತವು ತಾನು ಸೇರುವುದಿಲ್ಲವೆಂದು ಪ್ರಕಟಿಸಿತು. ಉಳಿದ 15 ರಾಷ್ಟ್ರಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದವು ಜಾರಿಗೆ ಬಂದಿತು. ಭಾರತವು ಸದಸ್ಯತ್ವವನ್ನು ಪಡೆದು ತೊರೆದದ್ದಲ್ಲ, ಹೊಸ್ತಿಲಿನಿಂದಲೇ ಹಿಂದಿರುಗಿತು. ಆದರೂ ಲಾಭ-ನಷ್ಟದ ಲೆಕ್ಕಾಚಾರ ಎರಡೂ ಕಡೆ ಬಹುಮಟ್ಟಿಗೆ ಒಂದೇ ಬಗೆಯದು.

ವ್ಯಾಪಾರದ ಸೃಷ್ಟಿ ಮತ್ತು ಪಲ್ಲಟ

ಒಕ್ಕೂಟಗಳಿಂದ ಸದಾ ಲಾಭವೆಂಬ ನಂಬಿಕೆಯನ್ನು ಜೇಕಬ್ ವೈನರ್ ಎಂಬ ಅರ್ಥಶಾಸ್ತ್ರಜ್ಞರು 1950ರಲ್ಲಿಯೇ ಪ್ರಶ್ನಿಸಿದರು. ಒಕ್ಕೂಟದಿಂದ ಕೆಲವೊಮ್ಮೆ ಹೊಸ ವ್ಯಾಪಾರ ಸೃಷ್ಟಿಯಾಗುತ್ತದೆ, ಕೆಲವೊಮ್ಮೆ ಇರುವ ವ್ಯಾಪಾರವೇ ಅಗ್ಗದ ಮೂಲದಿಂದ ದುಬಾರಿ ಮೂಲಕ್ಕೆ ಪಲ್ಲಟಗೊಳ್ಳುತ್ತದೆ ಎಂಬುದು ಅವರ ವಾದ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಕಚ್ಚಾ ರೇಷ್ಮೆಯ ಆಮದು ದರ ಕಿಲೋಗೆ 4,000 ರೂಪಾಯಿ, ಮೂಲ ಸುಂಕ ಶೇ. 15 ಎಂದಿಟ್ಟುಕೊಳ್ಳೋಣ. ಇತರ ವೆಚ್ಚಗಳನ್ನು ಬಿಟ್ಟರೆ ಅದು ಇಲ್ಲಿಗೆ ತಲುಪುವಾಗ 4,600 ರೂಪಾಯಿ ಆಗುತ್ತದೆ. ಒಕ್ಕೂಟದ ಸದಸ್ಯ ರಾಷ್ಟ್ರವೊಂದು 4,400 ರೂಪಾಯಿಗೆ ಮಾರುತ್ತಿದ್ದು, ಅದಕ್ಕೆ ಸುಂಕವಿಲ್ಲದಿದ್ದರೆ ನೇಕಾರ ಅಲ್ಲಿಂದಲೇ ಖರೀದಿಸುತ್ತಾನೆ. ಅವನಿಗೆ 200 ರೂಪಾಯಿ ಉಳಿತಾಯ. ಆದರೆ ಸರ್ಕಾರವು 600 ರೂಪಾಯಿ ಸುಂಕವನ್ನು ಕಳೆದುಕೊಳ್ಳುತ್ತದೆ; ದೇಶವು ವಿದೇಶಕ್ಕೆ 4,000ದ ಬದಲು 4,400 ರೂಪಾಯಿ ತೆರುತ್ತದೆ. ಇದೇ ಪಲ್ಲಟ. ಒಕ್ಕೂಟವನ್ನು ತೊರೆದಾಗ ಈ ನಷ್ಟ ನಿಲ್ಲಬಹುದು. ಆದರೆ ಅದೇ ಸದಸ್ಯ ರಾಷ್ಟ್ರವೇ ಅತ್ಯಂತ ಅಗ್ಗದ ಮೂಲವಾಗಿದ್ದರೆ, ತೊರೆಯುವುದರಿಂದ ಲಾಭದಾಯಕ ವ್ಯಾಪಾರವೇ ಕುಗ್ಗುತ್ತದೆ.

ಗೂಡಿನ ದರದ ಲೆಕ್ಕ

ಶಿಡ್ಲಘಟ್ಟವು ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು. ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್ ಘಟಕಗಳನ್ನು ನಡೆಸುವ ರೀಲರುಗಳು ಇಲ್ಲಿ ಗೂಡನ್ನು ಕೊಂಡು ನೂಲು ತೆಗೆಯುತ್ತಾರೆ. ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕೆಂದು ಇಟ್ಟುಕೊಳ್ಳೋಣ. ಮೇಲಿನ ಉದಾಹರಣೆಯಲ್ಲಿ 4,000 ರೂಪಾಯಿಯ ಆಮದು ರೇಷ್ಮೆಗೆ ಸುಂಕ ಪೂರ್ಣ ರದ್ದಾದರೆ ನೂಲಿನ ದರವು 600 ರೂಪಾಯಿ ಇಳಿಯುತ್ತದೆ. ಆದರೆ ರೀಲರನ ಕೂಲಿ, ಸೌದೆ, ವಿದ್ಯುತ್ ವೆಚ್ಚಗಳು ಇಳಿಯುವುದಿಲ್ಲ. ಆತನು ಗೂಡಿಗೆ ಕೊಡಬಲ್ಲ ದರವನ್ನೇ ಕಿಲೋಗೆ ಸುಮಾರು 85 ರೂಪಾಯಿ ತಗ್ಗಿಸಬೇಕಾಗುತ್ತದೆ. ಅರ್ಧ ಕಿಲೋ ರೇಷ್ಮೆ ಬಳಸುವ ಸೀರೆಯ ನೇಕಾರನಿಗೆ ಅದೇ ಸಂದರ್ಭದಲ್ಲಿ 300 ರೂಪಾಯಿ ಉಳಿಯುತ್ತದೆ. ಒಬ್ಬರ ಉಳಿತಾಯ ಮತ್ತೊಬ್ಬರ ಆದಾಯದ ಕಡಿತವಾಗಿರುವುದರಿಂದಲೇ ಸುಂಕದ ಪ್ರಶ್ನೆ ಇಷ್ಟು ಸೂಕ್ಷ್ಮ.

ಇದು ಕೇವಲ ಕಾಗದದ ಲೆಕ್ಕವಲ್ಲ. 2011-12ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ದರ ಕುಸಿದು ರಾಜ್ಯದ ಬೆಳೆಗಾರರು ಬೀದಿಗಿಳಿದರು; ಹಲವರು ಹಿಪ್ಪುನೇರಳೆಯನ್ನು ಕಿತ್ತು ಬೇರೆ ಬೆಳೆಗೆ ಹೊರಳಿದರು. 2013-14ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ನಂತರ ಶೇ. 10ಕ್ಕೆ ಇಳಿದಿದ್ದ ದರವನ್ನು 2021-22ರ ಆಯವ್ಯಯವು ಪುನಃ ಶೇ. 15ಕ್ಕೆ ತಂದಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. 2011ರ ಕಡಿತವು ಭಾರತದ ಸ್ವಂತ ನಿರ್ಧಾರವಾಗಿತ್ತು. ಆದ್ದರಿಂದಲೇ ಎರಡು ವರ್ಷಗಳಲ್ಲಿ ಅದನ್ನು ಸರಿಪಡಿಸಲು ಸಾಧ್ಯವಾಯಿತು. ಚೀನಾವನ್ನೊಳಗೊಂಡ ಒಕ್ಕೂಟದಲ್ಲಿ ರೇಷ್ಮೆಯ ಸುಂಕವನ್ನು ಇಳಿಸುವುದಾಗಿ ಬದ್ಧವಾಗಿದ್ದಲ್ಲಿ ಅಷ್ಟು ಸುಲಭವಾಗಿ ಏರಿಸಲಾಗುತ್ತಿರಲಿಲ್ಲ. ಸುಂಕವನ್ನು ಒಂದು ಅಧಿಸೂಚನೆಯಿಂದ ಬದಲಿಸಬಹುದು, ಕಿತ್ತ ಹಿಪ್ಪುನೇರಳೆ ತೋಟವನ್ನು ಒಂದು ಅಧಿಸೂಚನೆಯಿಂದ ಮರಳಿ ಬೆಳೆಸಲಾಗದು. ಹೊರಗುಳಿಯುವುದರ ನಿಜವಾದ ಮೌಲ್ಯ ಈ ನೀತಿ ಸ್ವಾತಂತ್ರ್ಯದಲ್ಲಿದೆ.

ಹೊರಗುಳಿದದ್ದರ ನಿಜವಾದ ಅರ್ಥ

ಆರ್‌ಸಿಇಪಿಯಿಂದ ಹಿಂದೆ ಸರಿದ ಮಾತ್ರಕ್ಕೆ ಪೂರ್ವದ ಬಾಗಿಲುಗಳೆಲ್ಲ ಮುಚ್ಚಲಿಲ್ಲ. ಆಸಿಯಾನ್ ಮತ್ತು ದಕ್ಷಿಣ ಕೊರಿಯಾದೊಡನೆ 2010ರ ಜನವರಿಯಿಂದ, ಜಪಾನಿನೊಡನೆ 2011ರ ಆಗಸ್ಟ್‌ನಿಂದ ಭಾರತಕ್ಕೆ ಒಪ್ಪಂದಗಳಿವೆ. 2022ರ ಡಿಸೆಂಬರ್ 29ರಿಂದ ಆಸ್ಟ್ರೇಲಿಯಾದೊಡನೆಯೂ ಒಪ್ಪಂದ ಜಾರಿಯಲ್ಲಿದೆ. ಅಂದಿನ ಚರ್ಚೆಯ ಕೇಂದ್ರದಲ್ಲಿದ್ದುದು ಚೀನಾ. 2018-19ರಲ್ಲಿ ಈ ರಾಷ್ಟ್ರಗಳೊಡನೆ ಭಾರತದ ವ್ಯಾಪಾರ ಕೊರತೆ ಸುಮಾರು 105 ಶತಕೋಟಿ ಡಾಲರ್. ಅದರ ಅರ್ಧದಷ್ಟು ಚೀನಾ ಒಂದರಿಂದಲೇ. ನ್ಯೂಜಿಲೆಂಡ್‌ನ ಹಾಲಿನ ಪುಡಿಯ ಆತಂಕವನ್ನು ಹೈನುಗಾರರೂ ಮುಂದಿಟ್ಟಿದ್ದರು. ಹೈನುಗಾರಿಕೆಯನ್ನು ಅವಲಂಬಿಸಿರುವ ಚಿಕ್ಕಬಳ್ಳಾಪುರ ಜಿಲ್ಲೆಗೂ ಅದು ಸಣ್ಣ ವಿಷಯವಾಗಿರಲಿಲ್ಲ.

ಆದರೆ ಹೊರಗುಳಿಯುವುದಕ್ಕೆ ಬೆಲೆಯೂ ಇದೆ. ಒಕ್ಕೂಟದೊಳಗಿನ 15 ರಾಷ್ಟ್ರಗಳಿಗೆ ಮೂಲ ನಿಯಮ ಒಂದೇ. ಒಂದು ಸದಸ್ಯ ರಾಷ್ಟ್ರದ ಬಟ್ಟೆಯನ್ನು ಮತ್ತೊಂದು ಸದಸ್ಯ ರಾಷ್ಟ್ರದಲ್ಲಿ ಹೊಲಿದರೂ ಅದು ಒಕ್ಕೂಟದ ಸರಕೆಂದೇ ಪರಿಗಣಿತವಾಗಬಲ್ಲದು. ಹೊರಗಿನ ಉಡುಪು ತಯಾರಕನಿಗೆ ಈ ಅನುಕೂಲವಿಲ್ಲ. ಹೊಸ ಕಾರ್ಖಾನೆಗೆ ಸ್ಥಳ ಹುಡುಕುವ ವಿದೇಶಿ ಖರೀದಿದಾರನೂ ಇದನ್ನು ತೂಗಿ ನೋಡುತ್ತಾನೆ. ರಕ್ಷಣೆ ದೊರೆತ ವರ್ಷಗಳಲ್ಲಿ ಗುಣಮಟ್ಟ ಸುಧಾರಿಸದಿದ್ದರೆ, ಬಳಕೆದಾರ ತೆತ್ತ ಹೆಚ್ಚಿನ ಬೆಲೆ ವ್ಯರ್ಥ. ಪವರ್‌ಲೂಮ್ ನೇಕಾರರು ಹಾಸಿಗೆ ಆಮದು ನೂಲನ್ನು ಬಯಸುವುದು ಬೆಲೆಗಾಗಿ ಮಾತ್ರವಲ್ಲ, ಸಮನಾದ ಎಳೆಗಾಗಿಯೂ ಹೌದು. ದ್ವಿತಳಿ ಗೂಡು ಮತ್ತು ಸ್ವಯಂಚಾಲಿತ ರೀಲಿಂಗ್ ಯಂತ್ರಗಳೇ ಇದಕ್ಕೆ ಉತ್ತರ.

ಬ್ರಿಟನ್ ಕಲಿಸುವ ಪಾಠ

ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ 2021ರ ಜನವರಿಯಿಂದ ಸುಂಕರಹಿತ ಒಪ್ಪಂದವಿದೆ. ಹಾಗಿದ್ದೂ ತಪಾಸಣೆ, ಪ್ರಮಾಣಪತ್ರ ಮತ್ತು ಕಾಗದಪತ್ರಗಳ ವೆಚ್ಚ ಹೆಚ್ಚಿತು. ಒಕ್ಕೂಟ ತೊರೆದದ್ದರಿಂದ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಶೇ. 4ರಷ್ಟು ತಗ್ಗುತ್ತದೆಂಬುದು ಬ್ರಿಟನ್ನಿನ ಆಯವ್ಯಯ ಹೊಣೆಗಾರಿಕೆ ಕಚೇರಿಯ ಅಂದಾಜು. ದೊಡ್ಡ ಕಂಪನಿಗಳಿಗೆ ಕಾಗದಪತ್ರದ ವೆಚ್ಚ ಸಾವಿರಾರು ಪೆಟ್ಟಿಗೆಗಳ ಮೇಲೆ ಹಂಚಿಹೋಗುತ್ತದೆ. ಸಣ್ಣ ರಫ್ತುದಾರನಿಗೆ ಅದು ಒಂದೇ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಗೌರಿಬಿದನೂರಿನ ತಯಾರಕರಿಗೂ ಇಲ್ಲೊಂದು ಪಾಠವಿದೆ. ಭಾರತದ ಉಡುಪನ್ನು ರಾಟರ್‌ಡ್ಯಾಮ್‌ನಲ್ಲಿ ಇಳಿಸಿ, ಅಲ್ಲಿ ಸುಂಕ ತೆತ್ತು, ಬಳಿಕ ಬ್ರಿಟನ್ನಿಗೆ ಕಳುಹಿಸಿದರೆ ಅಲ್ಲಿ ಮತ್ತೊಮ್ಮೆ ಸುಂಕದ ಹೊರೆ ಬೀಳಬಹುದು. ಆ ಸರಕು ಯೂರೋಪಿನಲ್ಲಿ ತಯಾರಾದುದಲ್ಲವಾದ್ದರಿಂದ ಅವರ ಸುಂಕರಹಿತ ಸೌಲಭ್ಯ ಅದಕ್ಕೆ ಅನ್ವಯಿಸದು. ಭಾರತ-ಬ್ರಿಟನ್ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿಯಾಗಿದೆ. ಅದರ ಲಾಭ ಬಯಸುವವರು ಸಾಗಣೆ ಮಾರ್ಗವನ್ನೂ ಮೂಲದ ಪುರಾವೆಯನ್ನೂ ಮುಂಚಿತವಾಗಿಯೇ ಯೋಜಿಸಬೇಕು.

ಬಾಗಿಲು ನಮ್ಮ ಕಡೆಯಿಂದಲೂ ಮುಚ್ಚೀತು

ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಇದರ ಗ್ರಾಹಕರು ಹೆಚ್ಚಾಗಿ ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ ಮೊದಲಾದ ದೇಶಗಳಲ್ಲಿದ್ದಾರೆ. 2019ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧವಾದಾಗ ಈ ತಳಿಯೂ ಸಿಕ್ಕಿಕೊಂಡಿತು. ಅಕ್ಟೋಬರ್ ಅಂತ್ಯದಲ್ಲಿ 9,000 ಟನ್‌ಗಳಿಗೆ ಮಾತ್ರ ವಿನಾಯಿತಿ ದೊರೆಯಿತು. 2023ರ ಆಗಸ್ಟ್‌ನಲ್ಲಿ ಶೇ. 40 ರಫ್ತು ಸುಂಕ ವಿಧಿಸಿದಾಗಲೂ, ರಾಜ್ಯ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರದ ಮೇಲೆ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಅಂತ್ಯಕ್ಕೆ. ಸ್ಥಳೀಯವಾಗಿ ಅಷ್ಟೇನೂ ಬಳಕೆಯಾಗದ ಈ ಬೆಳೆಗೆ ಕೆಲವು ವಾರಗಳ ವಿಳಂಬವೂ ದೊಡ್ಡ ನಷ್ಟ. ವಿದೇಶಿ ಖರೀದಿದಾರನು ಸುಂಕಕ್ಕಿಂತಲೂ ಅನಿಶ್ಚಿತತೆಗೆ ಹೆಚ್ಚು ಅಂಜುತ್ತಾನೆ.

ವರ್ತಕರು ಅನುಸರಿಸಬೇಕಾದ ಕ್ರಮಗಳು

1. ತಾವು ವ್ಯವಹರಿಸುವ ಸರಕಿನ ಎಚ್.ಎಸ್. ಸಂಖ್ಯೆಯನ್ನು ತಿಳಿದು, ಪ್ರತಿ ಒಪ್ಪಂದದಡಿ ಅದಕ್ಕಿರುವ ದರವನ್ನು ಪ್ರತ್ಯೇಕವಾಗಿ ನೋಡಬೇಕು. ಕಚ್ಚಾ ರೇಷ್ಮೆಯ ಶೀರ್ಷಿಕೆ 5002. ರೇಷ್ಮೆ ಬಟ್ಟೆಯದು 5007.

2. ಒಪ್ಪಂದದ ರಿಯಾಯಿತಿ ದರದಲ್ಲಿ ಆಮದು ಮಾಡುವವರು 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕಸ್ಟಮ್ಸ್ ಮೂಲ ನಿಯಮಗಳನ್ನು (ಕ್ಯಾರೋಟಾರ್) ಪಾಲಿಸಬೇಕು. ಮೂಲ ಪ್ರಮಾಣಪತ್ರವೊಂದೇ ಸಾಲದು; ನಮೂನೆ 1ರ ವಿವರಗಳನ್ನು ಹೊಂದಿರಬೇಕು, ದಾಖಲೆಗಳನ್ನು 5 ವರ್ಷ ಕಾಪಾಡಬೇಕು.

3. ದೀರ್ಘಾವಧಿ ಕರಾರುಗಳಲ್ಲಿ ಸುಂಕ ಬದಲಾದರೆ ಹೊರೆ ಯಾರದೆಂಬುದನ್ನು ಬರವಣಿಗೆಯಲ್ಲಿಯೇ ನಮೂದಿಸಬೇಕು.

4. ಶೇ. 5ರಷ್ಟು ಸುಂಕ ಇಳಿದರೆ ತಮ್ಮ ಲಾಭಾಂಶ ಉಳಿಯುವುದೇ ಎಂಬುದನ್ನು ಪ್ರತಿ ಘಟಕವೂ ವರ್ಷಕ್ಕೊಮ್ಮೆ ಲೆಕ್ಕ ಹಾಕಬೇಕು.

ಒಕ್ಕೂಟದ ಒಳಗಿರುವುದಾಗಲಿ ಹೊರಗಿರುವುದಾಗಲಿ ತನ್ನಷ್ಟಕ್ಕೆ ವರವೂ ಅಲ್ಲ, ಶಾಪವೂ ಅಲ್ಲ. ಆರ್‌ಸಿಇಪಿಯಿಂದ ಹೊರಗುಳಿದುದರಿಂದ ರೀಲರಿಗೂ ಬೆಳೆಗಾರನಿಗೂ ಕಾಲಾವಕಾಶ ದೊರೆತಿದೆ. ಆ ಅವಧಿಯಲ್ಲಿ ನೂಲಿನ ದರ್ಜೆ ಏರಿದರೆ ಮುಂದೆ ಯಾವ ಒಪ್ಪಂದ ಬಂದರೂ ಶಿಡ್ಲಘಟ್ಟದ ಮಾರುಕಟ್ಟೆ ನಿಲ್ಲಬಲ್ಲದು. ಏರದಿದ್ದರೆ ಸುಂಕದ ಗೋಡೆ ಬಹುಕಾಲ ಕಾಯಲಾರದು.