ವಿಟಮಿನ್ ಡಿ ಮತ್ತು ಪುರುಷ ಹಾರ್ಮೋನು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಿಯ ಹುಡುಗರಾದರೂ ಜಿಮ್ ಸುರುವಾದ ಮೇಲೆ ಒಂದು ಮಾತು ಕೇಳಿಯೇ ಇರುತ್ತಾರೆ: “ವಿಟಮಿನ್ ಡಿ ತಗೊಂಡ್ರ ಟೆಸ್ಟೋಸ್ಟಿರಾನ್ ಏರತೈತಿ, ತಾಕತ್ತು ಬರತೈತಿ.” ಗಡ್ಡ, ಗಡಸು ಧ್ವನಿ, ಸ್ನಾಯುಗಳ ಬೆಳವಣಿಗೆಗೆ ಕಾರಣವಾದ ಪುರುಷ ಹಾರ್ಮೋನೇ ಟೆಸ್ಟೋಸ್ಟಿರಾನ್. ಈ ಮಾತು ನಿಜವೇ? ವಾಣಿಜ್ಯ ವಿಭಾಗದವರು ಲೆಕ್ಕ ತಾಳೆ ನೋಡುವಂತೆ ನೋಡೋಣ.

2011ರಲ್ಲಿ ಆಸ್ಟ್ರಿಯಾ ದೇಶದ ಗ್ರಾಜ್ ನಗರದ ಸಂಶೋಧಕರು 54 ಗಂಡಸರ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಇವರೆಲ್ಲ ತೂಕ ಇಳಿಸುತ್ತಿದ್ದ ದಪ್ಪ ಮೈಯವರು. ಕೆಲವರಿಗೆ ಒಂದು ವರ್ಷ ದಿನಾಲೂ 3,332 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಹುಸಿ ಔಷಧ ಕೊಟ್ಟರು. ವಿಟಮಿನ್ ಪಡೆದವರಲ್ಲಿ ಹಾರ್ಮೋನು ಏರಿತ್ತು.

ಆದರೆ 2017ರಲ್ಲಿ ಅದೇ ಗ್ರಾಜ್ ನಗರದಲ್ಲಿ ಸುಮಾರು 100 ಆರೋಗ್ಯವಂತ ಗಂಡಸರ ಮೇಲೆ ನಡೆದ ಪ್ರಯೋಗದ ಫಲ ಬಂತು. ವಾರಕ್ಕೆ 20,000 ಯೂನಿಟ್‌ನಂತೆ 12 ವಾರ ಕೊಟ್ಟರೂ ಟೆಸ್ಟೋಸ್ಟಿರಾನ್ ಏರಲಿಲ್ಲ. ಮುಂದೆ ಈ ಹಾರ್ಮೋನು ಕಡಿಮೆ ಇದ್ದವರಿಗೆ ಕೊಟ್ಟು ನೋಡಿದಾಗಲೂ ಏರಲಿಲ್ಲ.

ಹಾಗಾದರೆ ವಿಟಮಿನ್ ಡಿ ಚೆನ್ನಾಗಿದ್ದವರಲ್ಲಿ ಹಾರ್ಮೋನೂ ಚೆನ್ನಾಗಿರುವುದು ಏಕೆ? ಬೊಜ್ಜು ಬಂದರೆ ಎರಡೂ ಇಳಿಯುತ್ತವೆ. ಜೊತೆಯಾಗಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ವಿಟಮಿನ್ ಡಿ ಬೇಡವೆಂದಲ್ಲ. ಅದು ಆಹಾರದ ಕ್ಯಾಲ್ಸಿಯಂ ಹೀರಿಕೊಳ್ಳಲು, ಎಲುಬು ಗಟ್ಟಿಯಾಗಲು ಬೇಕು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಕೊರತೆ ಇದೆ. ಏಕೆಂದರೆ ಇಡೀ ದಿನ ಕ್ಲಾಸು, ಅಂಗಡಿ, ಮನೆಯೊಳಗೆ ಇರುತ್ತೇವೆ. ಮೈತುಂಬ ಬಟ್ಟೆ ಧರಿಸುವ ನಮ್ಮ ಅಕ್ಕ-ತಂಗಿಯರಿಗೆ, ಅಮ್ಮಂದಿರಿಗೆ ಮಾಳಿಗೆ ಮೇಲೋ ಹಿತ್ತಲಲ್ಲೋ ಸ್ವಲ್ಪ ಹೊತ್ತು ಬಿಸಿಲು ಸಿಗುವಂತೆ ಮಾಡಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಮೊಟ್ಟೆಯ ಹಳದಿ, ಮೀನು ಸ್ವಲ್ಪ ಕೊಡುತ್ತವೆ.

ಈಗ ಒಂದು ಭಾಗಾಕಾರ. ಐಸಿಎಂಆರ್ 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ 600 ಯೂನಿಟ್. ಮೆಡಿಕಲ್ ಅಂಗಡಿಯ ಒಂದು ದೊಡ್ಡ ಡೋಸಿನ ಗುಳಿಗೆಯಲ್ಲಿ 60,000 ಯೂನಿಟ್. ಅಂದರೆ ಒಂದೇ ಗುಳಿಗೆ 100 ದಿನದ ಪಾಲು! ಕೊರತೆ ಇದ್ದವರಿಗೆ ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಬರೆದುಕೊಡುತ್ತಾರೆ. ತಾಕತ್ತಿಗೆಂದು ದಿನಾಲೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ವಾಂತಿ, ವಿಪರೀತ ಬಾಯಾರಿಕೆ, ಮೂತ್ರಪಿಂಡಕ್ಕೆ ಹಾನಿ ಆಗಬಹುದು.

ನಮ್ಮ ವಯಸ್ಸಿನಲ್ಲಿ ಟೆಸ್ಟೋಸ್ಟಿರಾನ್ ತಾನಾಗಿಯೇ ಏರುತ್ತಿರುತ್ತದೆ. ಗಡ್ಡ ಒಬ್ಬರಿಗೆ ಬೇಗ, ಒಬ್ಬರಿಗೆ ತಡವಾಗಿ ಬರುತ್ತದೆ, ಅದಕ್ಕೆ ನಾಚಬೇಕಿಲ್ಲ. ನಿದ್ದೆ, ಆಟ, ಊಟ ಸರಿಯಿರಲಿ. ಸುಸ್ತು, ಎಲುಬು ನೋವು ಇದ್ದರೆ ಗೆಳೆಯರ ಮಾತು ಕೇಳಿ ಗುಳಿಗೆ ಕೊಳ್ಳದೆ ವೈದ್ಯರಿಗೆ ತೋರಿಸಿ.