ಅಕಾರಾದಿಯಿಲ್ಲದ ನಿಘಂಟು

ಅರ್ಥ ತಿಳಿಯದ ಕನ್ನಡ ಪದವೊಂದು ಎದುರಾದರೆ ನಾವು ನಿಘಂಟನ್ನು ತೆರೆಯುತ್ತೇವೆ. ಅರ್ಥ ತಿಳಿಯದಿದ್ದರೂ ಪದವನ್ನು ಉಚ್ಚರಿಸಲು ನಮಗೆ ಬರುತ್ತದೆ. ಆದುದರಿಂದ ಅಕಾರಾದಿ ಕ್ರಮದಲ್ಲಿ ಅದರ ಸ್ಥಾನವನ್ನು ಸುಲಭವಾಗಿ ಸೇರುತ್ತೇವೆ. ಚೀನೀ ಬರವಣಿಗೆಯಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ವರ್ಣಮಾಲೆಯಿಲ್ಲ, ಅರ್ಥವನ್ನೂ ಉಚ್ಚಾರವನ್ನೂ ಒಟ್ಟಿಗೆ ಹೊತ್ತ ಚಿಹ್ನೆಗಳು ಸಾವಿರಾರು. ಅಪರಿಚಿತ ಚಿಹ್ನೆಯೊಂದು ಕಣ್ಣಿಗೆ ಬಿದ್ದಾಗ ಅದರ ಅರ್ಥವೂ ತಿಳಿಯದು, ಉಚ್ಚಾರವೂ ನಿಶ್ಚಯವಾಗಿ ತಿಳಿಯದು. ನಿಘಂಟನ್ನು ಉಚ್ಚಾರದ ಕ್ರಮದಲ್ಲಿ ಮಾತ್ರ ರಚಿಸಿದರೆ ಅದು ಬಲ್ಲವನಿಗಷ್ಟೇ ತೆರೆಯುವ ಬಾಗಿಲಾಗುತ್ತದೆ. ಅದರ ಅಗತ್ಯವುಳ್ಳವನೇ ಹೊರಗುಳಿಯುತ್ತಾನೆ. ಅವನಿಗೆ ಕಾಣುವ ಆಕಾರವೊಂದೇ ಆಧಾರ. ಹಾಗಾದರೆ ಆಕಾರಗಳಿಗೆ ಕ್ರಮವನ್ನು ಕಲ್ಪಿಸುವುದು ಹೇಗೆ?

ಈ ಪ್ರಶ್ನೆಗೆ ಮಹತ್ವದ ಮೊದಲ ಉತ್ತರವನ್ನು ಕೊಟ್ಟವನು ಹಾನ್ ರಾಜವಂಶದ ಕಾಲದ ವಿದ್ವಾಂಸನಾದ ಷೂ ಷೆನ್. ಕ್ರಿ.ಶ. 100ರ ಸುಮಾರಿಗೆ ಮುಗಿದ ಅವನ ಕೋಶದಲ್ಲಿ 9,353 ಚಿಹ್ನೆಗಳು 540 ವರ್ಗಗಳಲ್ಲಿ ಹಂಚಿಕೆಯಾಗಿವೆ. ಒಂದೊಂದು ವರ್ಗದ ಚಿಹ್ನೆಗಳಲ್ಲಿಯೂ ಸಮಾನವಾದ ಭಾಗವೊಂದಿರುತ್ತದೆ. ಇದನ್ನು ಚೀನೀಯರು 'ಬುಷೌ' ಎನ್ನುತ್ತಾರೆ. ನಾವು 'ಮೂಲಾಂಗ' ಎಂದು ಕರೆಯೋಣ. ಆದರೆ 540 ವರ್ಗಗಳನ್ನು ಆತ ಜೋಡಿಸಿದ್ದು ರೂಪದ ಹೋಲಿಕೆ, ಭಾವದ ಸಂಬಂಧ ಮುಂತಾದುವನ್ನು ಅನುಸರಿಸಿ. ಗ್ರಂಥವನ್ನು ಚೆನ್ನಾಗಿ ಅರಿತವನಲ್ಲದೆ ಬೇರೆಯವನು ಅದರಲ್ಲಿ ಬೇಗನೆ ಹುಡುಕಲಾರ.

ಈ ತೊಡಕನ್ನು ಬಿಡಿಸಿದುದು ಸರಳವಾದ ಎಣಿಕೆ. 1615ರಲ್ಲಿ ಮೇ ಯಿಂಗ್‌ಜುವೊ ಎಂಬಾತನು ತನ್ನ ನಿಘಂಟಿನಲ್ಲಿ ಮೂಲಾಂಗಗಳನ್ನು 214ಕ್ಕೆ ಇಳಿಸಿ, ಅವುಗಳನ್ನು ಗೆರೆಗಳ ಸಂಖ್ಯೆಗೆ ಅನುಸಾರವಾಗಿ ಜೋಡಿಸಿದನು. ಒಂದು ಗೆರೆಯ ಮೂಲಾಂಗಗಳು ಮೊದಲು, ಹದಿನೇಳು ಗೆರೆಯದು ಕಡೆಗೆ. ಒಂದೇ ಮೂಲಾಂಗದ ಅಡಿಯಲ್ಲಿ ಬರುವ ಚಿಹ್ನೆಗಳನ್ನೂ ಉಳಿದ ಗೆರೆಗಳ ಎಣಿಕೆಯಂತೆ ಇರಿಸಿದನು. 1716ರಲ್ಲಿ ಕಾಂಗ್‌ಷಿ ಚಕ್ರವರ್ತಿಯ ಆಜ್ಞೆಯಿಂದ ಸಿದ್ಧವಾದ, 47,000ಕ್ಕೂ ಮಿಕ್ಕ ಚಿಹ್ನೆಗಳುಳ್ಳ ಮಹಾಕೋಶವೂ ಇದೇ ಕ್ರಮವನ್ನು ಅನುಸರಿಸಿತು.

ಎಣಿಸುವಾಗ ಒಂದು ನಿಯಮವನ್ನು ಮರೆಯಬಾರದು. ಕುಂಚವನ್ನು ಎತ್ತದೆ ಎಳೆದುದೆಲ್ಲ ಒಂದೇ ಗೆರೆ. 'ಬಾಯಿ' ಎಂಬ ಚಿಹ್ನೆ ಚಚ್ಚೌಕಾಕಾರದ್ದು. ಅದಕ್ಕೆ ನಾಲ್ಕು ಬದಿಗಳಿದ್ದರೂ ಗೆರೆಗಳು ಮೂರೇ. ಮೇಲಿನ ಬದಿಯನ್ನೂ ಬಲಬದಿಯನ್ನೂ ಒಂದೇ ಎಳೆತದಲ್ಲಿ ಬರೆಯುವುದೇ ಇದಕ್ಕೆ ಕಾರಣ. 'ಮರ'ಕ್ಕೆ ನಾಲ್ಕು ಗೆರೆ. ಎರಡು ಮರಗಳು ಅಕ್ಕಪಕ್ಕ ನಿಂತರೆ 'ತೋಪು'. ಇದನ್ನು ಹುಡುಕಲು ನಾಲ್ಕು ಗೆರೆಯ ಮೂಲಾಂಗಗಳಲ್ಲಿ 'ಮರ'ವನ್ನು ಕಂಡು, ಅದರ ಅಡಿಯಲ್ಲಿ ಉಳಿದ ನಾಲ್ಕು ಗೆರೆಗಳ ಗುಂಪಿಗೆ ಹೋದರಾಯಿತು.

ಆದರೆ ಎಲ್ಲ ಚಿಹ್ನೆಗಳೂ ಇಷ್ಟು ಸರಳವಲ್ಲ. 'ಪರಸ್ಪರ' ಎಂಬ ಅರ್ಥದ ಒಂದು ಚಿಹ್ನೆಯಲ್ಲಿ ಎಡಗಡೆ 'ಮರ', ಬಲಗಡೆ 'ಕಣ್ಣು' ಇವೆ. ಎರಡೂ ಮೂಲಾಂಗಗಳೇ. ಕಾಂಗ್‌ಷಿ ನಿಘಂಟು ಇದನ್ನು 'ಕಣ್ಣಿ'ನ ಅಡಿಯಲ್ಲಿ ಇರಿಸಿದೆ. 'ಮರ'ದಲ್ಲಿ ಹುಡುಕಿದವನ ಶ್ರಮ ವ್ಯರ್ಥ. ಇಂಥ ಸಂದಿಗ್ಧಗಳಿಗಾಗಿಯೇ ನಿಘಂಟುಗಳಲ್ಲಿ ಒಟ್ಟು ಗೆರೆಗಳ ಸಂಖ್ಯೆಯಂತೆ ಜೋಡಿಸಿದ ಪ್ರತ್ಯೇಕ ಪಟ್ಟಿಯೂ ಇರುವುದುಂಟು.

ಊಹೆಗೆ ಎಡೆಗೊಡದ ಬೇರೊಂದು ಉಪಾಯವನ್ನು 1920ರ ದಶಕದಲ್ಲಿ ಷಾಂಘೈ ನಗರದ ಪ್ರಕಾಶಕ ವಾಂಗ್ ಯುನ್‌ವು ರೂಪಿಸಿದನು. ಇದೇ ನಾಲ್ಕು ಮೂಲೆಗಳ ವಿಧಾನ. ಚಿಹ್ನೆಯ ಮೇಲಿನ ಎಡ, ಮೇಲಿನ ಬಲ, ಕೆಳಗಿನ ಎಡ, ಕೆಳಗಿನ ಬಲ ಮೂಲೆಗಳನ್ನು ಕ್ರಮವಾಗಿ ನೋಡಿ, ಅಲ್ಲಿಯ ಆಕಾರಕ್ಕೆ 0ಯಿಂದ 9ರವರೆಗಿನ ಒಂದು ಅಂಕವನ್ನು ಕೊಡಬೇಕು. ಅಡ್ಡಗೆರೆಗೆ 1, ಒಂದನ್ನೊಂದು ಹಾಯುವ ಗೆರೆಗಳಿಗೆ 4, ಚೌಕಕ್ಕೆ 6, ನಡುಗೆರೆಯ ಇಕ್ಕೆಲಗಳಲ್ಲೂ ಗೆರೆಯಿದ್ದರೆ 9. ಒಮ್ಮೆ ಎಣಿಸಿದ ಭಾಗ ಮತ್ತೊಂದು ಮೂಲೆಗೂ ಬಂದರೆ ಅಲ್ಲಿ 0. ಈ ಪ್ರಕಾರ 'ಮರ'ದ ಸಂಖ್ಯೆ 4090; 'ತೋಪಿ'ನದು 4499. ಸಂಖ್ಯೆ ದೊರೆತ ಮೇಲೆ ಪುಟವನ್ನು ತೆರೆಯುವುದಷ್ಟೇ ಕೆಲಸ.

ಎರಡು ಮಾರ್ಗಗಳ ಗುಣಗಳೂ ಬೇರೆ. ನಾಲ್ಕು ಮೂಲೆಗಳ ಸಂಖ್ಯೆ ಚಿಹ್ನೆಯ ವಿಳಾಸವನ್ನು ತಿಳಿಸುತ್ತದೆಯೇ ಹೊರತು ಅದರ ಅರ್ಥದ ಸುಳಿವನ್ನು ಕೊಡುವುದಿಲ್ಲ. ಮೂಲಾಂಗವಾದರೋ ನಿಧಾನದ ದಾರಿಯಾದರೂ ಹುಡುಕುವವನಿಗೆ ಪಾಠವನ್ನೂ ಕಲಿಸುತ್ತದೆ. 'ಸೇತುವೆ' ಎಂಬ ಚಿಹ್ನೆಯನ್ನು 'ಮರ'ದ ಅಡಿಯಲ್ಲಿ ಕಂಡ ವಿದ್ಯಾರ್ಥಿಗೆ ಹಿಂದೆ ಸೇತುವೆಗಳನ್ನು ಯಾವುದರಿಂದ ಕಟ್ಟುತ್ತಿದ್ದರೆಂಬುದು ತಾನಾಗಿ ಹೊಳೆಯುತ್ತದೆ.

1956ರಿಂದ ಚೀನಾದಲ್ಲಿ ಅನೇಕ ಚಿಹ್ನೆಗಳನ್ನು ಸರಳಗೊಳಿಸಿದುದರಿಂದ ಗೆರೆಗಳ ಎಣಿಕೆಯೂ ಬದಲಾಯಿತು. ಹತ್ತು ಗೆರೆಯ 'ಕುದುರೆ' ಮೂರು ಗೆರೆಯದಾಯಿತು. 2009ರಲ್ಲಿ ಅಲ್ಲಿ 201 ಮುಖ್ಯ ಮೂಲಾಂಗಗಳ ಪಟ್ಟಿಯೊಂದು ಗೊತ್ತಾಯಿತು. ಇಂದು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಬರೆದರೂ ಚಿಹ್ನೆ ದೊರೆಯುತ್ತದೆ. ಆದರೂ ಗಣಕಗಳು ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ಚೀನೀ ಚಿಹ್ನೆಗಳ ಮುಖ್ಯ ಸಮೂಹ ನಿಂತಿರುವುದು ಬಹುಮಟ್ಟಿಗೆ ಕಾಂಗ್‌ಷಿ ನಿಘಂಟಿನ ಕ್ರಮದಲ್ಲಿಯೇ.

ನಮ್ಮ ವರ್ಣಮಾಲೆಯ ವ್ಯಂಜನಗಳನ್ನು ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂಬ ಉಚ್ಚಾರಸ್ಥಾನಗಳನ್ನು ಅನುಸರಿಸಿ ಹಿರಿಯರು ಜೋಡಿಸಿದರು. ಚೀನೀಯರು ಬರೆಯುವ ಕೈಯ ಎಳೆತಗಳನ್ನು ಎಣಿಸಿದರು. ದಾರಿಗಳು ಬೇರೆಯಾದರೂ ಗುರಿ ಒಂದೇ: ಅರಿಯದವನೂ ತನಗೆ ಬೇಕಾದುದನ್ನು ತಾನೇ ಹುಡುಕಿಕೊಳ್ಳುವಂತಾಗಬೇಕು.